ಚೌಕಟ್ಟು ಬಿದ್ದ ಜಾಗ

ಹುಲ್ಲು ಚೆನ್ನಾಗಿ ಬೆಳೆದರೆ ಯಾರಾದರೂ ಅಳುತ್ತಾರೇನ್ರೀ? ಮಾರಪ್ಪ ಅಳುತ್ತಿದ್ದ. ಕನ್ನಡ ನಾಡೆಲ್ಲ ಒಂದಾದ ಮರುವರ್ಷ ಬಂದಳಿಕೆ ಊರ ಕಡೆಯ ಗೋಮಾಳದ ಒಂದು ತುಂಡಿಗೆ ಸರ್ಕಾರ ಬೇಲಿ ಹಾಕಿಸಿತು. ದನ ಬಿಡದೆ, ಬದು ಕಟ್ಟಿ ಮಳೆನೀರು ನಿಲ್ಲಿಸಿದರೆ ಹುಲ್ಲು ಎಷ್ಟು ಹೆಚ್ಚುತ್ತದೆ ಅಂತ ನೋಡಬೇಕಿತ್ತು. ನೋಡುವ ಕೆಲಸ ಮಾರಪ್ಪನ ಪಾಲಿಗೆ ಬಂತು.

ಕೆಲಸವೇನು ಮಹಾ! ಮರದ ಚೌಕಟ್ಟನ್ನು ಹೆಗಲ ಮೇಲಿಂದ ಹಿಂದಕ್ಕೆ, ತಿರುಗಿ ನೋಡದೆ ಎಸೆಯಬೇಕು. ಕಣ್ಣಿಟ್ಟು ಎಸೆದರೆ ಒಳ್ಳೆ ಹುಲ್ಲಿನ ಮೇಲೇ ಬೀಳುತ್ತದಲ್ಲ, ಲೆಕ್ಕ ಕೆಡುತ್ತದೆ. ಬಿದ್ದ ಕಡೆ ಚೌಕಟ್ಟಿನೊಳಗಿನ ಹುಲ್ಲನ್ನು ಬುಡಕ್ಕೆ ಕೊಯ್ದು ತೂಗಬೇಕು. ಬೇಲಿಯಾಚೆಯೂ ಹಾಗೇ ಮಾಡಿ ಎರಡನ್ನೂ ಹೋಲಿಸಬೇಕು.

ಆದರೆ ಆ ಬೇಲಿಯೊಳಗೆ ಅವನ ಮಗಳಿದ್ದಳು. ಹೆಸರಿಡುವ ಮುಂಚೆ ಹೋದ ಕೂಸು. ಅಂಥ ಕೂಸಿಗೆ ಅವರಲ್ಲಿ ಕಲ್ಲು ನೆಡುವುದಿಲ್ಲ. ಮಣ್ಣು ಮುಚ್ಚಿ, ನರಿ ಕೆದರದ ಹಾಗೆ ಜಾಲಿಮುಳ್ಳು ಹೇರಿ ಬರುವುದು, ಅಷ್ಟೆ. ಹೆತ್ತವಳು ಜೊತೆಗೆ ಹೋಗುವಂತಿಲ್ಲ. ತಿಂಗಳಾದ ಮೇಲೆ ಬೇಲಿ ಹಾಕುವ ಆಳುಗಳು ಮುಳ್ಳು ಸಾಲದು ಅಂದರು. ಹುಲ್ಲಿನ ಲೆಕ್ಕ ಕೇಳುವ ಸರ್ಕಾರಿ ಸಾಹೇಬರು ಬರುವ ಗಡಿಬಿಡಿ. "ಬಿದ್ದಿರೋದನ್ನೆಲ್ಲ ಎಳ್ಕೊಳ್ರಪ್ಪ" ಅಂದುಬಿಟ್ಟ ಈ ಪುಣ್ಯಾತ್ಮ ಮಾರಪ್ಪ. ಕೂಸಿನ ಮೇಲಿನ ಮುಳ್ಳೂ ಅದರಲ್ಲಿ ಹೋಯಿತೆಂದು ಅವನಿಗೆ ಹೊಳೆದದ್ದು ಸಂಜೆಗೆ. ಆ ರಾತ್ರಿಯೇ ಮಳೆ ಹಿಡಿದು ಮಣ್ಣಿನ ಗುರುತೂ ಅಳಿಸಿಹೋಯಿತು.

ಬೋಳು ನೆಲದಲ್ಲಿ ಮೊಣಕಾಲುದ್ದ ಹುಲ್ಲು ಎದ್ದಿತು. ಸಾಹೇಬರಿಗೆ ಖುಷಿಯೋ ಖುಷಿ. ಮಾರಪ್ಪನಿಗೆ ಮಾತ್ರ ಹುಲ್ಲು ಎತ್ತರವಾದಷ್ಟೂ ಮಗಳು ದೂರವಾದಳು. ಚೌಕಟ್ಟು ದೊಪ್ಪೆಂದು ಬಿದ್ದಾಗಲೆಲ್ಲ ನಡುಹಗಲಲ್ಲೇ ಬೆನ್ನ ಹಿಂದೆ ಕೂಸು ಬೆಚ್ಚಿ ಉಸಿರೆಳೆದಂತೆ ಕೇಳುತ್ತಿತ್ತು. ತಿರುಗಿದರೆ ಗಾಳಿಗೆ ಹುಲ್ಲು ಅಲ್ಲಾಡುತ್ತಿರುತ್ತಿತ್ತು. ಮನೆಗೆ ಬಂದರೆ ಹೆಂಡತಿ ಸುಂಕಲಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು.

"ನನ್ ಕೂಸಿನ್ ಮೇಲೆ ಕುಡುಗೋಲು ಆಡಿಸ್ಲಿಲ್ಲ ತಾನೆ?"

"ಇಲ್ಲ ಬಿಡು" ಅನ್ನುತ್ತಿದ್ದ. ಅವನಿಗೇ ಗೊತ್ತಿದ್ದರೆ ತಾನೆ!

ಎರಡನೆಯ ವರ್ಷದ ಕೊಯ್ಲಿಗೆ ಸಾಹೇಬರೇ ಬಂದರು. ಬೇಲಿಯ ಹತ್ತಿರ ತಕ್ಕಡಿ ಕಟ್ಟಿಸುತ್ತ ನಿಂತರು. ಮಾರಪ್ಪ ಒಳಗೆ ಹೋಗಿ ಚೌಕಟ್ಟು ಎಸೆದು ತಿರುಗಿದರೆ ಸುಂಕಲಮ್ಮ ಹುಲ್ಲಿನಲ್ಲಿ ನಡೆದು ಬರುತ್ತಿದ್ದಳು.

"ಒಂದ್ಸಲ ತೋರಿಸ್ರಿ. ಆಮೇಲೆ ಕೇಳಲ್ಲ" ಅಂದಳು. ಚೌಕಟ್ಟಿನೊಳಗೆ ಹುಲ್ಲು ದಟ್ಟವಾಗಿತ್ತು. ಅದನ್ನೇ ನೋಡುತ್ತ, "ಇಲ್ಲೇನ್ರೀ?" ಅಂದಳು.

ಅವಳ ಮುಖ ನೋಡಿ ಇಲ್ಲವೆನ್ನುವ ಧೈರ್ಯ ಅವನಿಗೆ ಬರಲಿಲ್ಲ. "ಹೂಂ, ಇಲ್ಲೇ."

ಅವಳು ಕೂತಳು. ಎರಡೂ ಕೈಯಲ್ಲಿ ಹುಲ್ಲು ಸರಿಸಿ ನೆಲಕ್ಕೆ ಅಂಗೈ ಒತ್ತಿದಳು. "ಬರೋಕೆ ಬಿಡ್ಲಿಲ್ಲ ಕಣೇ ನನ್ನ. ಸಿಟ್ಟು ಮಾಡ್ಕೋಬೇಡ" ಅಂದಳು. ಬಹಳ ಹೊತ್ತು ಹಾಗೇ ಇದ್ದು, ಕಣ್ಣೊರೆಸಿಕೊಂಡು ಎದ್ದು ಹೋದಳು. ಅಷ್ಟು ಹಗುರಾಗಿ ಅವಳು ನಡೆದದ್ದನ್ನು ಮಾರಪ್ಪ ಈ ಎರಡು ವರ್ಷದಲ್ಲಿ ನೋಡಿರಲಿಲ್ಲ.

"ಕೊಯ್ಯೋ ಮಾರಪ್ಪ, ಹೊತ್ತಾಯ್ತು!" ಸಾಹೇಬರು ಕೂಗಿದರು.

ಬಗ್ಗಿ ಒಂದು ಹಿಡಿ ಹುಲ್ಲು ಹಿಡಿದ. ತಾನು ಹೇಳಿದ್ದು ಸುಳ್ಳೆಂದು ಅವನಿಗೊಬ್ಬನಿಗೇ ಗೊತ್ತು. ಆದರೂ ಕುಡುಗೋಲು ಹಾಕಲು ಕೈ ಬರಲಿಲ್ಲ.

"ಇಲ್ಲಿ ಬೇಡ ಸಾಹೇಬ್ರೇ" ಅಂದ. "ಇಲ್ಲಿ ನನ್ ಮಗಳು ಮಲಗಿದಾಳೆ."