ಎಂಟು ಮೊಳದ ನಡುಕಟ್ಟು

ಫಾದರ್ ಅರುಳಪ್ಪ ಸೈಕಲ್ಲಿಂದ ಇಳಿದು "ಸಾಂತಿ ಇದ್ದಾಳಾ?" ಎಂದು ತಮಿಳಿನಲ್ಲಿ ಕೇಳಿದಾಗಲೇ ವಳ್ಳಿಯಮ್ಮನ ಹೊಟ್ಟೆಗೆ ಕಿಚ್ಚು ಬಿತ್ತು. ಸಾಂತಿ ಅವಳ ಮೈದುನನ ಹೆಂಡತಿ. ಎಂಬತ್ತೆರಡನೇ ಇಸವಿಯಲ್ಲಿ ಮದುವೆಯಾಗಿ ಬಂದವಳು, ಇನ್ನೂ ಎರಡು ವರ್ಷ ತುಂಬಿಲ್ಲ. ನೂಲು ಹೆಣೆಯಲು ಅವಳಿಗೆ ಕಲಿಸಿದ್ದೇ ವಳ್ಳಿಯಮ್ಮ. ಈಗ ಸೋಮನೂರಿನ ಬೀದಿಯಲ್ಲೆಲ್ಲ ಸಾಂತಿ ಹೆಣೆದ ತೊಟ್ಟಿಲ ಹಗ್ಗದ್ದೇ ಮಾತು.

ಸಾಂತಿ ನೀರಿಗೆ ಹೋಗಿದ್ದಳು. ಫಾದರ್ ಬಂದ ವಿಷಯ ಹೇಳಿದರು. ಕರುಮತ್ತಂಪಟ್ಟಿ ಚರ್ಚಿನಲ್ಲಿ ಭಾನುವಾರ ಹೊಸ ಪಾದ್ರಿಯ ಮೊದಲ ಪೂಜೆ. ಬಿಳಿ ನಿಲುವಂಗಿಯ ಮೇಲೆ ಸೊಂಟಕ್ಕೆ ಬಿಗಿಯಲು ಬಿಳಿ ನೂಲಿನ ಹಗ್ಗದಂಥ ನಡುಕಟ್ಟು ಬೇಕು.

"ಎಂಟು ಮೊಳ ಇರಲಿ ತಾಯಿ. ಎರಡು ಮಡಿಕೆ ಮಾಡಿ ಸುತ್ತಬೇಕು, ತುದಿ ಇಳಿಬಿಡಬೇಕು."

"ಅಂಗಿ ಬಿಗಿಯೋದಕ್ಕೆ ಅಷ್ಟುದ್ದ ಬೇಕಾ ಸಾಮಿ?"

"ಬರೀ ಅಂಗಿಗಲ್ಲ. ನನ್ನೊಳಗಿನ ಕೆಟ್ಟ ಆಸೆಗಳನ್ನೂ ಕಟ್ಟಿಹಾಕು ದೇವರೇ ಅಂತ ಬೇಡಿಕೊಳ್ಳುತ್ತಾ ಅದನ್ನು ಕಟ್ಟುತ್ತೇವೆ."

ನಾನೇ ಹೆಣೆದು ಕೊಡಲಾ ಎಂಬ ಮಾತು ವಳ್ಳಿಯಮ್ಮನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಫಾದರ್ "ಸಾಂತಿ ಕೈಯಲ್ಲೇ ಆಗಲಿ" ಎಂದು ಸೈಕಲ್ ಹತ್ತಿದರು.

ಸಾಂತಿ ಬಂದು ಕೊಡ ಇಳಿಸಿದಾಗ ವಳ್ಳಿಯಮ್ಮ ಅವಳ ಮುಖ ನೋಡದೆ ಹೇಳಿದಳು: "ಐದು ಮೊಳ ಸಾಕಂತೆ."

ಎರಡು ದಿನ ಸಾಂತಿ ಕೂತು ಹೆಣೆದಳು. ಎಲ್ಲೂ ಒಂದು ಎಳೆ ಉಬ್ಬಿಲ್ಲ, ಸಡಿಲವಿಲ್ಲ. ಹುಳುಕು ಹುಡುಕಿ ಹುಡುಕಿ ವಳ್ಳಿಯಮ್ಮನಿಗೇ ಸಾಕಾಯಿತು.

ಶುಕ್ರವಾರ ಫಾದರ್ ಬಂದು ಅದನ್ನು ಮಡಿಸಿ ತಮ್ಮ ಸೊಂಟಕ್ಕೇ ಸುತ್ತಿ ನೋಡಿದರು. ಗಂಟು ಹಾಕಲು ತುದಿ ಸಾಲಲಿಲ್ಲ. ಸಾಂತಿಯ ಮುಖ ಬಾಡಿತು. ವಳ್ಳಿಯಮ್ಮ ಕಾದದ್ದು ಈ ಗಳಿಗೆಗೇ. ಆದರೆ ಫಾದರ್ ವಳ್ಳಿಯಮ್ಮನನ್ನೊಮ್ಮೆ ನೋಡಿ, "ಅಳತೆ ನಾನೇ ನಿಂತು ಕೊಡಬೇಕಿತ್ತು, ತಪ್ಪು ನನ್ನದು. ನಾಳೆ ಸಂಜೆ ಬರ್ತೀನಿ" ಎಂದು ಹೊರಟುಬಿಟ್ಟರು.

"ಅಕ್ಕಾ, ಅಳತೆಯಲ್ಲಿ ನೀವು ಯಾವತ್ತೂ ತಪ್ಪಿದವರಲ್ಲ," ಎಂದಳು ಸಾಂತಿ.

ವಳ್ಳಿಯಮ್ಮ ಒಪ್ಪಿಕೊಂಡಳು: "ಎಂಟು ಅಂದಿದ್ದರು. ಬೇಕಂತಲೇ ಐದು ಅಂದೆ."

ಸಾಂತಿ ಎದ್ದು ಒಳಗೆ ಹೋದಳು. ಇನ್ನು ಗಂಡನಿಗೆ ಹೇಳಿ ಮನೆ ಒಡೆಯುತ್ತಾಳೆ ಎಂದುಕೊಂಡಳು ವಳ್ಳಿಯಮ್ಮ. ಆದರೆ ಸಾಂತಿ ಬಿಳಿ ನೂಲಿನ ಕಟ್ಟು ತಂದು ಮುಂದೆ ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು.

"ಒಬ್ಬಳಿಂದ ಆಗಲ್ಲ. ಮಧ್ಯದಿಂದ ಶುರು ಮಾಡೋಣ. ಆ ಕಡೆ ನೀವು ಹೆಣೀರಿ, ಈ ಕಡೆ ನಾನು."

ರಾತ್ರಿಯಿಡೀ ಕೂತು ಹೆಣೆದರು. ಮರುದಿನ ಸಂಜೆಗೆ ಎಂಟು ಮೊಳ ಮುಗಿಯಿತು. ಫಾದರ್ ಬಂದಾಗ ಸಾಂತಿ "ಇಬ್ಬರೂ ಸೇರಿ ಹೆಣೆದದ್ದು" ಎಂದು ಕೊಟ್ಟಳು.

ಭಾನುವಾರ ಚರ್ಚಿನ ಬಾಗಿಲಲ್ಲಿ ಯಾರೋ ನಡುಕಟ್ಟು ಹೆಣೆದವರು ಯಾರೆಂದು ವಿಚಾರಿಸಿದರು. "ಸೋಮನೂರಿನ ಸಾಂತಿ, ಅವಳ ಅಕ್ಕ ವಳ್ಳಿಯಮ್ಮ," ಎಂದರು ಫಾದರ್. ಸಾಂತಿಯ ಹೆಸರು ಮೊದಲು ಬಂದದ್ದು ವಳ್ಳಿಯಮ್ಮನಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ಜನರ ನೂಕಿನಲ್ಲಿ ಒಂದಿಷ್ಟು ಸರಿದು, ಪೂಜೆ ಕಾಣುವಂತೆ ಸಾಂತಿಗೆ ಜಾಗ ಬಿಟ್ಟಳು.