ನೆರಳು ಅಡವಿಟ್ಟ ಅರಮನೆ

ಏಳು ವರ್ಷ ಕಾದಿದ್ದ ಕಾದಂಬರಿಯ ಕೊನೆಯ ಭಾಗ ಪಾವಗಡಕ್ಕೆ ಬಂದ ವಾರವೇ ನನ್ನ ಕಣ್ಣಿನ ಪೊರೆ ತೆಗೆದರು. ಸದ್ಯಕ್ಕೆ ಓದುವುದು ಬೇಡ, ಅಳುವುದಂತೂ ಬೇಡವೇ ಬೇಡ ಎಂದು ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಮಕ್ಕಳಿಗೆ ಕನ್ನಡ ಕಲಿಸುವ ನಾನು ಓದಿಸಿಕೊಂಡು ಕೂರಬೇಕಾಯಿತು. ಓದುವವರು ನನ್ನ ಗಂಡ ಭೀಮರಾಜು. ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ರಾತ್ರಿ ಪಾಳಿಯ ಕೆಲಸ. "ಇಲ್ದಿರೋ ರಾಣಿಗೆ ನೀನ್ಯಾಕೆ ಅಳ್ತೀಯೇ?" ಎಂದು ಮದುವೆಯಾದಾಗಿನಿಂದ ರೇಗಿಸುತ್ತಾ ಬಂದವರು. ಹಿಂದಿನ ಭಾಗಗಳ ಕಥೆಯನ್ನು ಮಾತ್ರ ಊಟಕ್ಕೆ ಕೂತಾಗಲೆಲ್ಲ ನನ್ನಿಂದ ಕೇಳಿದ್ದರು.

"ನನ್ನ ಬಿಟ್ಟು ಮುಂದಕ್ಕೆ ಓದಂಗಿಲ್ಲ ಕಣ್ರೀ. ಗುಟ್ಟು ಗೊತ್ತಾದ್ರೆ ಇಬ್ರಿಗೂ ಒಟ್ಟಿಗೇ ಗೊತ್ತಾಗ್ಬೇಕು" ಎಂದೆ.

"ನಂಗೇನು ಹುಚ್ಚಾ?" ಅಂದರು.

ಮಧ್ಯಾಹ್ನ ಅವರು ಓದುತ್ತಿದ್ದರೆ ಕಣ್ಣು ಮುಚ್ಚುತ್ತಿದ್ದೆ. ನಮ್ಮ ಕೋಟೆ ಬೆಟ್ಟದ ಮೇಲೆ ಅರಮನೆ ಏಳುತ್ತಿತ್ತು. ಸೋಲಾರ್ ಹಲಗೆಗಳೆಲ್ಲ ಸೇರಿ ಅದರ ಸುತ್ತ ಕೆರೆಯಾಗುತ್ತಿದ್ದವು, ಬಸ್ಸಿನ ಹಾರನ್ನು ಕಹಳೆಯಾಗುತ್ತಿತ್ತು. ಆ ರಾಜ್ಯದಲ್ಲಿ ಜನ ತಮ್ಮ ನೆರಳನ್ನು ಅಡವಿಡುತ್ತಾರೆ. ಅಡವಿಟ್ಟ ನೆರಳು ಒಡೆಯನ ಗುಟ್ಟನ್ನೆಲ್ಲ ಬಾಯಿಬಿಡುತ್ತದೆ. ರಾಣಿ ತಾರಾವಳಿಯ ಹಾಲಿಗೆ ವಿಷ ಹಾಕುತ್ತಿರುವುದು ಯಾರು? ಅದೊಂದು ತಿಳಿಯಲೆಂದೇ ಏಳು ವರ್ಷ ಕಾದಿದ್ದೆ. ಆಸ್ಥಾನದಲ್ಲಿ ಎಲ್ಲರ ಮೇಲೂ ನನಗೆ ಅನುಮಾನ, ಮುದಿ ಕಾವಲುಗಾರ ಕೇತುಮಾಲನೊಬ್ಬನನ್ನು ಬಿಟ್ಟು.

ಒಂದು ದಿನ ಇವರ ದನಿ ಬದಲಾಯಿತು. ಕೇತುಮಾಲನ ಹೆಸರು ಬಂದಲ್ಲೆಲ್ಲ ಬೇಡದ ನೆಂಟರನ್ನು ಒಳಗೆ ಕರೆದಂತೆ ಓದುತ್ತಿದ್ದರು. ನನ್ನ ಬಿಟ್ಟು ಮುಂದೆ ಓದಿಬಿಟ್ಟರೇ ಎಂದು ಅನುಮಾನ ಬಂತು.

"ಕೇತುಮಾಲನಂಥ ನಂಬಿಗಸ್ತ ಇನ್ನೊಬ್ಬ ಇಲ್ಲ, ಅಲ್ವೇನ್ರೀ?" ಎಂದು ಗಾಳ ಹಾಕಿದೆ.

"ಥೂ, ಅವ್ನಾ! ಉಂಡ ಮನೆಗೆ..." ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ಕೋಪ ನೆತ್ತಿಗೇರಿತು. "ನೀವೇ ಕಣ್ರೀ ಕೇತುಮಾಲ! ಏಳು ವರ್ಷ ಕಾದಿದ್ದೆ ನಾನು!"

ಅವರು ಪುಸ್ತಕ ಮಡಚಿದ ಸದ್ದಾಯಿತು. "ನೀನು ಮಲ್ಗಿದ್ದೆ. ಒಂದೇ ಪುಟ ಅಂತ ತೆಗ್ದೆ ಕಣೆ, ಮುಗ್ಸೇಬುಟ್ಟೆ. ಅವ್ನು ಯಾಕಂಗೆ ಮಾಡ್ದ ಅಂತ ಎರಡು ದಿನದಿಂದ ಅನ್ನ ಸೇರ್ತಿಲ್ಲ. ನಿಂಗೆ ಹೇಳಂಗೂ ಇಲ್ಲ."

ಆ ಗುಟ್ಟನ್ನು ಒಬ್ಬರೇ ಹೊತ್ತು ತಿರುಗಿದ್ದರು ಪಾಪ. ಕೋಪ ಇನ್ನೂ ಇತ್ತು, ಆದರೂ ಅಯ್ಯೋ ಅನ್ನಿಸಿತು. "ಓದಿ" ಎಂದೆ.

ಕೇತುಮಾಲನ ಮಗನ ನೆರಳು ಶತ್ರುಗಳ ಕೈಯಲ್ಲಿತ್ತು, ವಿಷ ಹಾಕದಿದ್ದರೆ ಮಗನ ಗುಟ್ಟು ಬಯಲಾಗುತ್ತಿತ್ತು. ಕೇತುಮಾಲ ರಾಣಿಗೆ ಹಾಲಿನ ಬಟ್ಟಲು ನೀಡಿದ. ರಾಣಿಗೆ ಎಲ್ಲವೂ ಗೊತ್ತಿತ್ತು. "ನೀನು ಕೊಟ್ಟಿದ್ದನ್ನು ನಾನು ಎಂದೂ ಪರೀಕ್ಷೆ ಮಾಡಿಲ್ಲ" ಎಂದು ಕುಡಿದುಬಿಟ್ಟಳು.

ಓದು ಅಲ್ಲಿಗೇ ನಿಂತಿತು. ಡಾಕ್ಟರ ಮಾತು ನೆನೆದು ನಾನು ತುಟಿ ಕಚ್ಚಿಕೊಂಡೆ. ಕೈ ಚಾಚಿ ಅವರ ಕೆನ್ನೆ ಮುಟ್ಟಿದೆ. ಒದ್ದೆಯಾಗಿತ್ತು.

"ಇಲ್ದಿರೋ ರಾಣಿಗೆ ಯಾಕ್ರೀ ಅಳ್ತೀರಾ?"

"ಸುಮ್ಕಿರೇ" ಅಂದರು. "ಅವ್ಳು ಇದ್ಲು."