ರೈಲಿಗೆ ಅಡ್ಡ ಹೋದ ಹಾರ್ಲನ್

ಹಾರ್ಲನ್ ಡ್ರಿಗ್ಸ್‌ನಷ್ಟು ನಿಧಾನವಾಗಿ ನಡೆಯುವ ಇನ್ನೊಬ್ಬ ಮನುಷ್ಯನನ್ನು ನಾನು ಲಾಸ್ ಏಂಜಲೀಸಿನಲ್ಲಿ ಕಂಡಿಲ್ಲ. ಮಂಡಿಯಿಂದ ಕೆಳಗಿಳಿಯುವ, ಎಣ್ಣೆ ಕುಡಿದು ಕಪ್ಪಾದ ಒಂದೇ ಕೋಟು, ಬೆನ್ನ ಹಿಂದೆ ಕಟ್ಟಿದ ಕೈ, ಕಂಡ ಕಂಡ ನಾಯಿಗೆಲ್ಲ ಕುಶಲ ವಿಚಾರಿಸುತ್ತ ಸಾಗುವ ಆ ಗಜಗಮನವನ್ನು ನೋಡಿದವರು, ಈತ ಕಡಲತೀರದ ಪಂದ್ಯಗಳಲ್ಲಿ ಗಂಟೆಗೆ ತೊಂಬತ್ತು ಮೈಲಿ ಮೋಟಾರು ಹಾರಿಸುವ ಶೂರನೆಂದರೆ ತಮಾಷೆಯೆಂದುಕೊಳ್ಳುತ್ತಿದ್ದರು. ಊಟಕ್ಕೆ ಕರೆದರೂ, ಬೆಂಕಿ ಬಿದ್ದಿದೆಯೆಂದರೂ ಅವನ ಉತ್ತರ ಒಂದೇ: "ಏನವಸರ ಮಾರಾಯ?"

ಸಾವಿರದ ಒಂಬೈನೂರ ಹದಿನಾಲ್ಕನೆಯ ಇಸವಿಯಲ್ಲಿ ನಾನು ಕ್ರೆಬ್ಸ್ ಎಂಬ ಯಜಮಾನನ ಚಿತ್ರ ಕಂಪನಿಯಲ್ಲಿ ಕ್ಯಾಮೆರಾದ ಹಿಡಿ ತಿರುಗಿಸುತ್ತಿದ್ದೆ; ಚಿತ್ರಗಳಲ್ಲಿ ಕಾರು ಓಡಿಸುವ ಕೆಲಸ ಹಾರ್ಲನ್‌ನದು. ಸೆಕೆಂಡಿಗೆ ಎರಡು ಸುತ್ತು; ಲಯ ತಪ್ಪದಂತೆ ಬಾಯಲ್ಲಿ ಚರ್ಚಿನ ಹಾಡು. ಕೈ ನಿಧಾನಿಸಿದರೆ ಪರದೆಯ ಮೇಲೆ ಎಂಥ ಲಟಾರಿ ಗಾಡಿಯೂ ಬಾಣದಂತೆ ಓಡುತ್ತದೆ; ಕೈ ಅವಸರಿಸಿದರೆ ಬಾಣವೂ ತೆವಳುತ್ತದೆ. ಕೈ ನಿಧಾನಿಸಿ ವೇಗ ತೋರಿಸುವುದು, ಎಲ್ಲರೂ ಮಾಡುತ್ತಿದ್ದ ಈ ಉಪಾಯ ಹಾರ್ಲನ್‌ಗೆ ಮಾತ್ರ ಆಗುತ್ತಿರಲಿಲ್ಲ.

"ಓಡಿಸೋನು ನಾನು. ನೀನ್ಯಾಕೆ ಸುಳ್ಳು ಹೇಳ್ತೀಯ, ನೇಟ್?" ಎನ್ನುತ್ತಿದ್ದ.

ಅವನಿಗಾಗ ನಲವತ್ತೊಂದು. ವಯಸ್ಸಾಯಿತೆಂದು ಕ್ರೆಬ್ಸ್ ಬೇರೊಬ್ಬ ಸವಾರನನ್ನು ಗೊತ್ತುಮಾಡುವ ತಯಾರಿಯಲ್ಲಿದ್ದ. ಕೊನೆಯ ಅವಕಾಶವೆಂದು ಒಂದು ದೃಶ್ಯ ಕೊಟ್ಟ: ಹನ್ನೊಂದು ಗಂಟೆಯ ರೈಲಿನ ಜೊತೆಜೊತೆಗೇ ಓಡಿ, ಅದರ ಮುಂದೆಯೇ ಹಳಿ ದಾಟಬೇಕು. ಹಾರ್ಲನ್ ದಾಟಿದ. ಇಂಜಿನ್ನಿಗೂ ಅವನ ಹಿಂಚಕ್ರಕ್ಕೂ ನಡುವೆ ಒಂದು ಆಡು ನುಸುಳುವಷ್ಟೇ ಜಾಗವಿತ್ತು. ನನ್ನ ಹಾಡು ನಿಂತಿತು, ಕೈ ಮಾತ್ರ ಹುಚ್ಚು ಹಿಡಿದಂತೆ ಗರಗರ ತಿರುಗಿತು.

ಮರುದಿನ ಪರದೆಯ ಮೇಲೆ, ನನ್ನ ಕೈ ಅವಸರಪಟ್ಟ ಪಾಪಕ್ಕೆ, ರೈಲೂ ಕಾರೂ ಸಂಜೆ ತಿರುಗಾಡಲು ಹೊರಟ ಗಂಡಹೆಂಡಿರಂತೆ ತೆವಳಿದವು.

"ಏನಯ್ಯಾ ಇದು, ಶವಯಾತ್ರೇನಾ?" ಕ್ರೆಬ್ಸ್ ಕಿರುಚಿದ. "ಮುದುಕನ ಕೈಲಿ ಆಗಲ್ಲ ಅಂದಿದ್ದೆ!"

"ತಪ್ಪು ಅವನದಲ್ಲ ಸ್ವಾಮಿ, ನಂದು. ಹೆದರಿ ಜೋರಾಗಿ ತಿರುಗಿಸಿಬಿಟ್ಟೆ," ಎಂದೆ. ನಾಚಿಕೆಯಿಂದ ನೆಲಕ್ಕಿಳಿದುಹೋಗಿದ್ದೆ.

ಹಾರ್ಲನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನಿನ್ನಂಥ ಗಡಿಯಾರಾನೇ ಕೆಟ್ಟೋಯ್ತು ಅಂದ್ರೆ, ನಾನೆಷ್ಟು ಚೆನ್ನಾಗಿ ಓಡಿಸಿರ್ಬೇಕು!"

ಕ್ರೆಬ್ಸ್ ಮೆತ್ತಗಾದ. "ಸರಿ, ರೈಲಿಲ್ಲದಾಗ ಮೆಲ್ಲಗೆ ದಾಟು, ಇವ್ನು ಕೈ ನಿಧಾನ ಮಾಡ್ಲಿ. ರೈಲನ್ನ ಬೇರೆ ತೆಗೆದು ಅಂಟಿಸೋಣ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ. ನಾಳೆ ಹನ್ನೊಂದಕ್ಕೆ ರೈಲು ಬರುತ್ತೆ. ಇವ್ನೇ ತಿರುಗಿಸ್ಲಿ," ಎಂದ ಹಾರ್ಲನ್.

ನನ್ನ ಕೈತಪ್ಪಿಗೆ ಒಬ್ಬ ಮನುಷ್ಯ ಇನ್ನೊಮ್ಮೆ ಪ್ರಾಣ ಒಡ್ಡುತ್ತಿದ್ದಾನೆಂಬ ಸಂಕಟದಲ್ಲೇ ಮರುದಿನ ಹಳಿಯ ಪಕ್ಕ ಕ್ಯಾಮೆರಾ ನಿಲ್ಲಿಸಿದೆ. ರೈಲು ಕೂಗಿದಾಗ ಕಣ್ಣು ಮುಚ್ಚಿಕೊಂಡೆ. ಗಟ್ಟಿಯಾಗಿ ಹಾಡುತ್ತ, ಸೆಕೆಂಡಿಗೆ ಎರಡೇ ಸುತ್ತು ತಿರುಗಿಸಿದೆ. ಹಾಡು ಮುಗಿದು ಕಣ್ಣು ಬಿಟ್ಟರೆ ಅವನು ಹಳಿಯ ಈಚೆ, ಕೋಟಿನ ಧೂಳು ಕೊಡವುತ್ತ ನನ್ನತ್ತ ನಡೆದು ಬರುತ್ತಿದ್ದ. ಚಿತ್ರ ಅಚ್ಚುಕಟ್ಟಾಗಿ ಬಂತು. ಅವನ ಕೆಲಸ ಇನ್ನೂ ಐದು ವರ್ಷ ಉಳಿಯಿತು.

ಆ ಕಾಲದ ಸವಾರರಿಗೆ ಸಾವಿನ ಭಯವೇ ಇರಲಿಲ್ಲವೆಂದು ಈಗಿನವರು ಬರೆಯುತ್ತಾರೆ. ಶುದ್ಧ ಸುಳ್ಳು. ಅಂದು ನಾನು ಹಿಡಿದುಕೊಂಡಾಗ ಹಾರ್ಲನ್‌ನ ಕೈ ಗಡಗಡ ನಡುಗುತ್ತಿತ್ತು. ಅವರಿಗೂ ಭಯವಿತ್ತು, ತಾವು ಓಡಿಸದ ವೇಗಕ್ಕೆ ಚಪ್ಪಾಳೆ ಗಿಟ್ಟಿಸುವ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು.